ಪಹಣಿ ಸತ್ತವರ ಹೆಸರಲ್ಲಿ ಬಿಡಬೇಡ, ಮಗಾ

ಮಗಾ, ನಿನ್ನ ಮೆಸೇಜ್ ನೋಡಿದೆ. ತೀರಿಕೊಂಡ ಅಪ್ಪನ ಆಸ್ತಿಗೆ ಸರ್ಕಾರ ಟ್ಯಾಕ್ಸ್ ಹಾಕುತ್ತದಾ, ಶಿವಮೊಗ್ಗದ ಸೈಟಿಗೆ ವಿಲ್ ಬರೆದಿಟ್ಟಿದ್ದಾರೆ, ಅದಕ್ಕೆ ಕೋರ್ಟಿನಲ್ಲಿ ಪ್ರೊಬೇಟ್, ಅಂದರೆ ವಿಲ್ ಸರಿಯಾದದ್ದು ಅಂತ ಕೋರ್ಟಿನ ಮುದ್ರೆ, ಮಾಡಿಸಲೇಬೇಕಾ ಅಂತ ಕೇಳಿದ್ದೀಯ. ಬೆಂಗಳೂರಲ್ಲಿ ಯಾರೋ ಸುಮ್ನೆ ಹೆದರಿಸಿದ್ದಾರೆ. ನಿನ್ನ ಈ ದೊಡ್ಡಮ್ಮನಿಗೆ ಟೈಪ್ ಮಾಡಲು ಬರುವುದಿಲ್ಲ, ಮಾತಾಡಿಯೇ ಕಳಿಸುತ್ತಿದ್ದೇನೆ. ಉದ್ದ ಆಗುತ್ತದೆ, ಪೂರ್ತಿ ಕೇಳು.

ಟ್ಯಾಕ್ಸ್ ಇರಲಿ, ಮೊದಲು ಅಪ್ಪನ ತೋಟದ ಪಹಣಿ ನೋಡು, ಜಮೀನು ಯಾರ ಹೆಸರಲ್ಲಿದೆ ಅಂತ ಹೇಳುವ ಸರ್ಕಾರಿ ದಾಖಲೆ ಅದು. ಅದನ್ನು ಸತ್ತವರ ಹೆಸರಲ್ಲಿ ಬಿಡಬೇಡ.

ನಮ್ಮನೆಯಲ್ಲಿ ಏನಾಯಿತು ಅಂತ ಎಲ್ಲರಿಗೂ ಗೊತ್ತಲ್ಲ. ನಮ್ಮ ಮಾವನವರು ಹೋದಾಗ ಪೌತಿ ಖಾತೆ ಮಾಡಿಸಲಿಲ್ಲ. 'ಅಣ್ಣತಮ್ಮಂದಿರು ಚೆನ್ನಾಗೇ ಇದ್ದೇವಲ್ಲ, ಈಗೇನು ಅವಸರ' ಅಂದರು ಭಾವ. ಖಾತೆ ಅಂದರೆ ಪಾಲು ಕೇಳಿದ ಹಾಗೆ ಅಂತ ಅವರ ಮನಸ್ಸಿನಲ್ಲಿ. ನಿಮ್ಮ ದೊಡ್ಡಪ್ಪನಿಗೆ ಅಣ್ಣನ ಎದುರು ಮಾತೆತ್ತಲು ಸಂಕೋಚ. ಪೌತಿ ಖಾತೆ ಪಾಲು ಅಲ್ಲ ಮಗಾ. ವಾರಸುದಾರರ ಹೆಸರು ಪಹಣಿಗೆ ಜಂಟಿಯಾಗಿ ಏರುತ್ತದೆ, ಅಷ್ಟೇ. ಪಾಲು ಬೇಕಾದರೆ ವಿಭಾಗ ಪತ್ರ ಬೇರೆ ರಿಜಿಸ್ಟರ್ ಮಾಡಿಸಬೇಕು. ಇದನ್ನು ಅವತ್ತು ಯಾರೂ ಬಿಡಿಸಿ ಹೇಳಲಿಲ್ಲ.

ಅಷ್ಟರಲ್ಲಿ ಭಾವನೂ ಹೋದರು. ಆಮೇಲೆ ಶಿರಸಿಯ ಅತ್ತಿಗೆ ಹೋದರು. ಮೊದಲು ನಾಲ್ಕು ಸಹಿಯಲ್ಲಿ ಮುಗಿಯುವ ಕೆಲಸಕ್ಕೆ ಈಗ ಒಂಬತ್ತು ಜನ ಬೇಕಾದರು. ಒಬ್ಬ ಅಮೆರಿಕದಲ್ಲಿ, ಒಬ್ಬ ಮಾತೇ ಬಿಟ್ಟಿದ್ದಾನೆ. ಜೋರು ಕೊಳೆ ರೋಗ ಬಂದ ವರ್ಷ ಅಡಿಕೆಯೆಲ್ಲ ಉದುರಿ ಹೋಯಿತು. ಅಕ್ಕಪಕ್ಕದವರಿಗೆ ಬೆಳೆ ವಿಮೆ ಬಂತು, ನಮಗೆ ಬರಲಿಲ್ಲ. ಪಹಣಿಯಲ್ಲಿ ಇದ್ದದ್ದು ಮಾವನ ಹೆಸರು. ಬೆಳೆ ಸಾಲಕ್ಕೂ ಅದೇ ಅಡ್ಡಿ. ನಿಮ್ಮ ದೊಡ್ಡಪ್ಪ ಜೀವಮಾನವೆಲ್ಲ ಆ ತೋಟದಲ್ಲೇ ದುಡಿದ ಮನುಷ್ಯ, ಕಾಗದದಲ್ಲಿ ಯಾರೂ ಅಲ್ಲ. ಅದಕ್ಕೇ ಮತ್ತೆ ಹೇಳುತ್ತೇನೆ, ಪಹಣಿಯನ್ನು ಸತ್ತವರ ಹೆಸರಲ್ಲಿ ಬಿಡಬೇಡ. ವರ್ಷಾಂತಿಕ ಆಗಲಿ, ಅಡಿಕೆ ಕೊಯ್ಲು ಮುಗಿಯಲಿ ಅಂತ ಕಾಯಬೇಡ.

ಇನ್ನೊಂದು ಮಾತು. ನಿನ್ನ ತಂಗಿಯೂ ಈ ಗ್ರೂಪಿನಲ್ಲಿ ಇದ್ದಾಳೆ, ಅವಳೂ ಕೇಳಲಿ. ನಮ್ಮ ಕಡೆ ಹೆಣ್ಣುಮಕ್ಕಳ ನೆನಪಾಗುವುದು ಸಹಿ ಬೇಕಾದಾಗ. ನನ್ನನ್ನೂ ನಿನ್ನ ಅಮ್ಮನನ್ನೂ ತವರಿಗೆ ಕರೆಸಿದರು. ಊಟ ಹಾಕಿದರು, ಸೀರೆ ಕೊಟ್ಟರು, ಹಕ್ಕು ಬಿಡುಗಡೆ ಪತ್ರ ಮುಂದಿಟ್ಟರು. ಏನು ಬರೆದಿದೆ ಅಂತ ಒಬ್ಬರೂ ಓದಿ ಹೇಳಲಿಲ್ಲ. 2005ರಲ್ಲೇ ಕಾನೂನು ತಿದ್ದಿ ಪಿತ್ರಾರ್ಜಿತದಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಕೊಟ್ಟಾಗಿದೆ. 2020ರಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಗಟ್ಟಿ ಮಾಡಿ ಹೇಳಿತು. ನನಗೆ ಜಮೀನು ಬೇಕಾಗಿತ್ತು ಅಂತಲ್ಲ. 'ನಿನಗೆ ಬೇಕಾ, ಬೇಡವಾ' ಅಂತ ಒಂದು ಮಾತು ಕೇಳಬೇಕಿತ್ತು. ಇವತ್ತಿಗೂ ಅದು ಹೊಟ್ಟೆಯಲ್ಲಿ ಉರಿಯುತ್ತದೆ. ನೀನು ಹಾಗೆ ಮಾಡಬೇಡ. ನಿಮ್ಮ ಅಜ್ಜಿಯನ್ನೂ ಮರೆಯಬೇಡ. ಮಗ ಸತ್ತರೆ ಹೆಂಡತಿ, ಮಕ್ಕಳ ಜೊತೆ ತಾಯಿಯೂ ವಾರಸುದಾರಳು. ತೋಟಕ್ಕೆ ವಿಲ್ ಇಲ್ಲ ಅಂದಮೇಲೆ ವಂಶವೃಕ್ಷದಲ್ಲಿ ಅಮ್ಮ, ನೀನು, ತಂಗಿ, ಅಜ್ಜಿ, ನಾಲ್ಕೂ ಹೆಸರು ಬರಲೇಬೇಕು.

ಅಯ್ಯೋ, ನೀನು ಕೇಳಿದ್ದು ಟ್ಯಾಕ್ಸ್ ಅಲ್ವಾ! ಸತ್ತವರ ಆಸ್ತಿ ಮೇಲೆ ಟ್ಯಾಕ್ಸ್ ಇಲ್ಲ ಮಗಾ. ಎಸ್ಟೇಟ್ ಡ್ಯೂಟಿ ಅಂತ ಒಂದಿತ್ತು, 1985ರಲ್ಲೇ ತೆಗೆದರು. ಆದರೆ ಅಪ್ಪನ ಪಿಂಚಣಿ, ಎಫ್‌ಡಿ ಬಡ್ಡಿ ಇತ್ತಲ್ಲ, ತೀರಿಕೊಂಡ ದಿನದವರೆಗಿನ ಆದಾಯದ ರಿಟರ್ನ್ ಅವರ ಪರವಾಗಿ ನೀವೇ ಹಾಕಬೇಕು. ಇನ್‌ಕಮ್ ಟ್ಯಾಕ್ಸ್ ಪೋರ್ಟಲ್‌ನಲ್ಲಿ ವಾರಸುದಾರ ಅಂತ ನೋಂದಾಯಿಸಿಕೊಳ್ಳಬೇಕು. ಸೈಟಿನ ಕ್ರಯಪತ್ರ ಜೋಪಾನ. ಮುಂದೆ ಮಾರಿದರೆ ಲಾಭದ ಮೇಲೆ ಟ್ಯಾಕ್ಸ್ ಬರುತ್ತದೆ, ಅದಕ್ಕೆ ಅಪ್ಪ ಕೊಂಡ ಬೆಲೆಯ ದಾಖಲೆ ಬೇಕು.

ಪ್ರೊಬೇಟ್ ನಮ್ಮ ಶಿವಮೊಗ್ಗ ಕಡೆ ಕಡ್ಡಾಯ ಅಲ್ಲ. ವಿಲ್‌ಗೆ ಇಬ್ಬರು ಸಾಕ್ಷಿಗಳ ಸಹಿ ಇದೆಯಾ ನೋಡು. ರಿಜಿಸ್ಟರ್ ಆಗಿರಲೇಬೇಕು ಅಂತಿಲ್ಲ. ಮೂಲ ಪ್ರತಿ ಯಾರ ಕೈಗೂ ಕೊಡಬೇಡ, ಜೆರಾಕ್ಸ್ ಕೊಡು. ಬ್ಯಾಂಕಿನಲ್ಲಿ ಅಮ್ಮ ನಾಮಿನಿ ಆಗಿದ್ದರೆ ದುಡ್ಡು ಅವಳ ಕೈಗೆ ಬರುತ್ತದೆ, ಆದರೆ ನಾಮಿನಿ ಅಂದಮಾತ್ರಕ್ಕೆ ಪೂರ್ತಿ ಅವಳದ್ದೇ ಆಗುವುದಿಲ್ಲ. ಅದನ್ನೂ ಎಲ್ಲರೂ ಕೂತು ಮಾತಾಡಿಕೊಳ್ಳಿ.

ಸಾವನ್ನು 21 ದಿನದೊಳಗೆ ನೋಂದಾಯಿಸಬೇಕು, ಆಗಿದೆಯಾ ಕೇಳಿಕೋ. ಮರಣ ಪ್ರಮಾಣಪತ್ರದ ಪ್ರತಿ ಜಾಸ್ತಿಯೇ ತೆಗೆಸಿಟ್ಟುಕೋ, ಎಲ್ಲ ಕಡೆಯೂ ಕೇಳುತ್ತಾರೆ. ಅದು, ನಾಲ್ಕೂ ಜನರ ಆಧಾರ್, ಪಹಣಿ ತಗೊಂಡು ನಾಡಕಚೇರಿಗೆ ಹೋಗು. ಮೊದಲು ವಂಶವೃಕ್ಷ, ಆಮೇಲೆ ಪೌತಿ ಖಾತೆ ಅರ್ಜಿ. ತಕರಾರಿಗೆ ನೋಟಿಸಿನ ಅವಧಿ ಇರುತ್ತದೆ. ಅದು ಕಳೆದು ಹೆಸರು ಏರಿದ ಮೇಲೆ ಹೊಸ ಪಹಣಿ ತೆಗೆಸಿ, ಹೆಸರು, ಸರ್ವೆ ನಂಬರ್ ಸರಿ ಇದೆಯಾ ನೋಡು. ಯಾವತ್ತು ಬರುತ್ತೀಯ ಹೇಳು, ನಿಮ್ಮ ದೊಡ್ಡಪ್ಪನೂ ಜೊತೆಗೆ ಬರುತ್ತಾರೆ.