ಜಂಕ್ಷನ್: ಕವಲೋ, ಕೂಡಲಿಯೋ?

ಎಲ್ಲರಿಗೂ ನಮಸ್ಕಾರ. ಶಾಲೆ ಮಕ್ಕಳಿಗೆ ಅಂತ ನಮ್ಮ ಹಾಸನ, ಚಿಕ್ಕಮಗಳೂರು ಕಡೆಯ ರೈಲು ಹಳಿಗಳ ಬಗ್ಗೆ ಒಂದು ಸಣ್ಣ ಬರಹ ಬರೆಯುತ್ತಿದ್ದೇನೆ. ‘ಜಂಕ್ಷನ್’ ಹತ್ತಿರ ಬಂದು ಪೆನ್ನು ನಿಂತಿದೆ. ಜಂಕ್ಷನ್ ಅಂತಲೇ ಬರೆದರೆ ಎಲ್ಲರಿಗೂ ಅರ್ಥವಾಗುತ್ತದೆ, ಅದರ ಮೇಲೆ ನನಗೇನೂ ಸಿಟ್ಟಿಲ್ಲ. ಆದರೆ ಕನ್ನಡದ ಪದ ಹುಡುಕಹೊರಟರೆ ಒಂದೇ ಪದ ಸಾಲುತ್ತಿಲ್ಲ.

ಬೀರೂರು ನೋಡಿ. ಬೆಂಗಳೂರು–ಹುಬ್ಬಳ್ಳಿ ಮೇನ್ ಲೈನ್ ಮೊದಲೇ ಇತ್ತು, 1899ರಲ್ಲಿ ಅಲ್ಲಿಂದ ಶಿವಮೊಗ್ಗದ ಕಡೆಗೆ ಇನ್ನೊಂದು ಹಳಿ ಹೊರಟಿತು. ಪಕ್ಕದ ಕಡೂರಿಂದ ಚಿಕ್ಕಮಗಳೂರಿಗೆ 46 ಕಿ.ಮೀ. ಹಳಿ ಬರಲು 2013 ಆಗಬೇಕಾಯಿತು (ಜಿಲ್ಲಾ ಕೇಂದ್ರ ಅಂತ ಹೆಸರು ಬೇರೆ!). ಎರಡೂ ಕಡೆ ಆದದ್ದು ಒಡೆಯುವ ಕೆಲಸ. ಇವಕ್ಕೆ ‘ಕವಲು ಟೇಷನ್’ ಅಂದರೆ ಸರಿಹೋಗುತ್ತದೆ.

ಹಾಸನದ ಕತೆ ಬೇರೆ. ಮೊದಲು ಅದು ಅರಸೀಕೆರೆ–ಮೈಸೂರು ಮೀಟರ್ ಗೇಜ್ (ಒಂದು ಮೀಟರ್ ಅಗಲದ) ಹಳಿಯ ನಡುವಿನ ಊರು, ಅಷ್ಟೇ. ಆಮೇಲೆ 1979ರಲ್ಲಿ ಮಂಗಳೂರಿನ ಹಳಿ ಸೇರಿತು. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗೆ 55 ಕಿ.ಮೀ. ಘಾಟಿ, 57 ಸುರಂಗ, 50 ಅಡಿ ಹೋದರೆ ಒಂದು ಅಡಿ ಇಳಿಯುವಂಥ ಇಳಿಜಾರು. ಬ್ರಾಡ್ ಗೇಜ್ (ಇನ್ನೂ ಅಗಲದ ಹಳಿ) ಮಾಡಲು 1996ರಲ್ಲಿ ಮುಚ್ಚಿದ ಈ ದಾರಿಯಲ್ಲಿ ಮತ್ತೆ ಪ್ಯಾಸೆಂಜರ್ ಗಾಡಿ ಓಡಿದ್ದು 2007ರ ಡಿಸೆಂಬರ್‌ನಲ್ಲಿ. 2017ರಲ್ಲಿ ಶ್ರವಣಬೆಳಗೊಳದ ಮೇಲೆ ಬೆಂಗಳೂರಿನಿಂದ ನೇರ ಹಳಿಯೂ ಬಂತು, ಅಲ್ಲಿವರೆಗೆ ನಾವು ಅರಸೀಕೆರೆ ಸುತ್ತಬೇಕಿತ್ತು. ಈಗ ನಾಲ್ಕು ದಿಕ್ಕಿನ ಹಳಿ ಇಲ್ಲಿ ಸೇರುತ್ತವೆ. ಇದನ್ನು ಕವಲು ಅನ್ನಲು ಮನಸ್ಸು ಬರುವುದಿಲ್ಲ. ತುಂಗೆ, ಭದ್ರೆ ಸೇರುವ ಊರಿಗೆ ಕೂಡಲಿ ಅಂತೀವಲ್ಲ, ಹಾಗೆ ಹಾಸನವನ್ನು ‘ಕೂಡಲಿ ಟೇಷನ್’ ಅನ್ನಬಹುದಾ? ‘ಕೂಡುನಿಲ್ದಾಣ’ ಅಂತ ಬರೆದು ನೋಡಿದೆ, ಸರ್ಕಾರಿ ಬೋರ್ಡಿನ ವಾಸನೆ ಬಂತು.

ನೀವು ಹೇಳಬಹುದು, ಒಂದೇ ಹಳಿ ಹೋಗುವಾಗ ಕವಲು, ಬರುವಾಗ ಕೂಡಲಿ, ಸುಮ್ನೆ ಯಾಕೆ ತಲೆಕೆಡಿಸಿಕೊಳ್ಳುತ್ತೀರಿ ಅಂತ. ನಿಜ. ಆದರೂ ಯಾವ ಹಳಿ ಮೊದಲು ಬಂತು, ಯಾವುದು ಆಮೇಲೆ ಅನ್ನುವುದು ಮಕ್ಕಳಿಗೆ ಪದದಲ್ಲೇ ಗೊತ್ತಾದರೆ ಒಳ್ಳೆಯದಲ್ವಾ?

ಇನ್ನೊಂದು ಪ್ರಶ್ನೆ. ಮುಳ್ಳಯ್ಯನಗಿರಿಗೆ ಹೋಗುವಾಗ ಸಿಗುವ ‘ಕೈಮರ’ ನಿಮಗೆ ಗೊತ್ತು. ದಾರಿ ತೋರಿಸುವ ಕಂಬಕ್ಕೂ, ತೋಳು ಇಳಿಸಿ ಏರಿಸುವ ಹಳೇ ರೈಲ್ವೆ ಸಿಗ್ನಲ್ಲಿಗೂ ಇದೇ ಪದ ಇತ್ತು. ಅರಸೀಕೆರೆ, ಬೀರೂರು ಕಡೆ ಈಗಿನ ಬಣ್ಣದ ಲೈಟಿಗೂ ಯಾರಾದರೂ ಕೈಮರ ಅನ್ನುತ್ತಾರಾ? ಕೇಳಿದ್ದರೆ ಯಾವ ಊರು, ವಾಕ್ಯದಲ್ಲಿ ಹೇಗೆ ಹೇಳಿದರು ಅಂತ ಬರೆಯಿರಿ.