ಸಹಾಯ ಬೇಕು: ಅಪ್ಪನ ದೋಣಿಯ ಹಳೇ ಔಟ್‌ಬೋರ್ಡ್ ಇಂಜಿನ್ ನೀರು ಚಿಮ್ಮುತ್ತಿಲ್ಲ

ನಮಸ್ಕಾರ. ನಮ್ಮದು ಹೊನ್ನಾವರ. ಅಪ್ಪ ಶರಾವತಿ ಅಳಿವೆಯಲ್ಲಿ ಮೀನಿಗೆ ಹೋಗುತ್ತಿದ್ದ ದೋಣಿಯ ಹಿಂಬದಿಗೆ ಸಿಕ್ಕಿಸುವ 8 ಎಚ್‌ಪಿ ಟೂ ಸ್ಟ್ರೋಕ್ ಔಟ್‌ಬೋರ್ಡ್ ಇಂಜಿನ್ 7 ವರ್ಷದಿಂದ ಕೊಟ್ಟಿಗೆಯಲ್ಲಿತ್ತು. ಅದನ್ನು ಮತ್ತೆ ಓಡಿಸಲೇಬೇಕು ಅಂತ ಹಿಡಿದು ಕೂತಿದ್ದೇನೆ.

ಕಾರ್ಬೊರೇಟರ್ ಒಳಗೆ ಬೆಲ್ಲದ ಪಾಕದಂತೆ ಅಂಟು ಕಟ್ಟಿತ್ತು. ಜೆಟ್ ಸಮೇತ ತೊಳೆದೆ, ಹೊಸ ಪ್ಲಗ್ ಹಾಕಿದೆ. ಲೀಟರ್ ಪೆಟ್ರೋಲಿಗೆ 20 ಎಂ.ಎಲ್. ಆಯಿಲ್ ಬೆರೆಸಿ, ನೀರು ತುಂಬಿದ ಡ್ರಮ್ಮಿನಲ್ಲಿ ನಿಲ್ಲಿಸಿ ಹಗ್ಗ ಎಳೆದೆ. ಐದನೇ ಎಳೆತಕ್ಕೆ ಸ್ಟಾರ್ಟ್ ಆಯಿತು! ಸದ್ದು ಕೇಳಿ ಅಪ್ಪ ಒಳಗಿಂದ ಓಡಿ ಬಂದರು.

ಆದರೆ ಇಂಜಿನ್ ತಂಪು ಮಾಡುವ ನೀರು ಹಿಂದಿನ ತೂತಿನಿಂದ ಚಿಮ್ಮಲೇ ಇಲ್ಲ. ತಕ್ಷಣ ಆಫ್ ಮಾಡಿದೆ. ನೀರಿನ ಪಂಪ್ ಬಿಚ್ಚಿದರೆ ಇಂಪೆಲ್ಲರ್‌ನ (ನೀರನ್ನು ಮೇಲೆ ತಳ್ಳುವ ಚಕ್ರ) ರಬ್ಬರ್ ಕಲ್ಲಾಗಿತ್ತು, ಎರಡು ಎಸಳು ಮುರಿದಿದ್ದವು. ಆ ತುಂಡುಗಳು ಎಲ್ಲಿ ಹುಡುಕಿದರೂ ಸಿಗಲಿಲ್ಲ. ಹೊಸ ಇಂಪೆಲ್ಲರ್ ಹಾಕಿದರೂ ನೀರು ಸುಮ್ನೆ ತೊಟ್ಟಿಕ್ಕುತ್ತದೆ ಅಷ್ಟೇ. ತೂತಿಗೆ ತಂತಿ ಹಾಕಿ ನೋಡಿದೆ, ಅಲ್ಲಿ ಏನೂ ಕಟ್ಟಿಲ್ಲ.

ತುಂಡು ನೀರಿನ ಕೊಳವೆಯೊಳಗೆ ಸಿಕ್ಕಿಕೊಂಡಿದೆಯಾ, ಇಲ್ಲಾ ಮೇಲೆ ಉಪ್ಪು ಕಟ್ಟಿದೆಯಾ ಗೊತ್ತಾಗ್ತಿಲ್ಲ. ಹೆಡ್ (ಸಿಲಿಂಡರಿನ ಮುಚ್ಚಳ) ಬಿಚ್ಚಿ ನೋಡೋಣ ಅಂದ್ರೆ ಅದರ ಬೋಲ್ಟ್‌ಗಳು ಉಪ್ಪುನೀರಿಗೆ ಹಿಡಿದುಕೊಂಡಿವೆ. ಮುರಿದರೆ ದೊಡ್ಡ ಕೆಲಸ ಅಲ್ವಾ?

ಕೆಳಗಿನ ಗೇರ್ ಭಾಗ ಇಳಿಸಿ, ಚಿಮ್ಮುವ ತೂತಿನಿಂದ ಪೈಪಿನಲ್ಲಿ ನೀರು ಬಿಟ್ಟರೆ ತುಂಡು ಕೆಳಗೆ ಬರುತ್ತಾ, ಅಥವಾ ಹೆಡ್ ಬಿಚ್ಚಲೇಬೇಕಾ? ಮಾಡಿ ನೋಡಿದವರು ದಯವಿಟ್ಟು ಹೇಳಿ.