ತಮ್ಮ ಕುವೈತ್ ಮರುಭೂಮಿಯಲ್ಲಿ ಸಿಕ್ಕಿಕೊಂಡಿದ್ದಾನೆ, ರಾತ್ರಿ ನಡೆದು ಸೌದಿ ಗಡಿ ದಾಟ್ತೀನಿ ಅಂತಾನೆ. ಏನು ಮಾಡಲಿ?

ರಾಯಚೂರಿನ ಅಕ್ಕ

ಎಲ್ಲರಿಗೂ ನಮಸ್ಕಾರ. ನನ್ನ ತಮ್ಮ ಫೆಬ್ರವರಿಯಲ್ಲಿ ಹೌಸ್ ಡ್ರೈವರ್ ಕೆಲಸಕ್ಕೆ ಅಂತ 20 ನಂಬರ್ ವೀಸಾದಲ್ಲಿ (ಮನೆಗೆಲಸದವರ ವೀಸಾ) ಕುವೈತ್‌ಗೆ ಹೋದ. ಎರಡು ತಿಂಗಳು ಕಾರು ಓಡಿಸಿದ. ಆಮೇಲೆ ಕಫೀಲ್ (ವೀಸಾ ಕೊಟ್ಟ ಮಾಲೀಕ) ಅವನನ್ನು ಸೌದಿ ಗಡಿಯ ಸಾಲ್ಮಿ ಕಡೆ ಮರುಭೂಮಿಗೆ ಕರೆದುಕೊಂಡು ಹೋಗಿ ಕುರಿ ಕಾಯಲು ಬಿಟ್ಟಿದ್ದಾನೆ. ಪಾಸ್‌ಪೋರ್ಟ್ ಕಫೀಲ್ ಹತ್ತಿರ ಇದೆ. ಮೂರು ತಿಂಗಳಿಂದ ಸಂಬಳ ಇಲ್ಲ. ಜೊತೆಗಿರುವ ಹುಡುಗನೊಬ್ಬ "ಗಡಿ ಹತ್ತಿರವೇ, ರಾತ್ರಿ ನಡೆದರೆ ಸೌದಿ, ಅಲ್ಲಿ ಲಾರಿ ಸಿಗುತ್ತೆ" ಅಂದನಂತೆ. ತಮ್ಮ ಹೊರಡಲು ತಯಾರಾಗಿದ್ದಾನೆ. ಯಾರಾದರೂ ಗೊತ್ತಿದ್ದವರು ಹೇಳಿ.

ಬೆಂಗಳೂರು ಹುಡುಗ

ಮೊದಲು ಏಜೆಂಟ್ ಮೇಲೆ ಪೊಲೀಸ್ ಕಂಪ್ಲೇಂಟ್ ಕೊಡಿ ಮೇಡಂ.

ಉಡುಪಿ ಮಾವ

ಏಜೆಂಟ್ ಎಲ್ಲಿಗೂ ಓಡಿಹೋಗುವುದಿಲ್ಲ, ಅದು ನಾಳೆಯ ಕೆಲಸ. ಅಕ್ಕಾ, ಈಗಲೇ ತಮ್ಮನಿಗೆ ಫೋನ್ ಮಾಡಿ ಒಂದೇ ಮಾತು ಹೇಳಿ: ನಡೆಯಬೇಡ.

ಯಾಕೆ ಅಂತ ಹೇಳ್ತೇನೆ. 1990ರ ಆಗಸ್ಟ್ 2ರಂದು ಇರಾಕ್ ಸೈನ್ಯ ಕುವೈತ್‌ಗೆ ನುಗ್ಗಿದಾಗ ನಾನು ಅಲ್ಲೇ ಒಂದು ಗ್ಯಾರೇಜಿನಲ್ಲಿದ್ದೆ. ಸೆಪ್ಟೆಂಬರ್‌ನಲ್ಲಿ ಬಸ್ ಹಿಡಿದು ಬಸ್ರಾ, ಬಾಗ್ದಾದ್ ದಾಟಿ ಜೋರ್ಡಾನ್ ಗಡಿಗೆ ಹೊರಟೆವು. ಇರಾಕಿನ ಪಶ್ಚಿಮದ ರುತ್ಬಾ ಊರು ಕಳೆದ ಮೇಲೆ, ರಾತ್ರಿ ಸುಮಾರು 11ಕ್ಕೆ, ಟೈರ್ ಸಿಡಿಯಿತು. ಸ್ಟೆಪ್ನಿ ಇಲ್ಲ. ದೂರದಲ್ಲೊಂದು ದೀಪ ಕಂಡಿತು. ನಮ್ಮೂರಲ್ಲಿ ಗದ್ದೆಯ ಆಚೆಯ ಮನೆಯ ದೀಪ ಕಾಣುತ್ತದಲ್ಲ, ಹಾಗೇ. ಹತ್ತು ನಿಮಿಷದ ದಾರಿ ಅಂದುಕೊಂಡು ನಾಲ್ಕು ಜನ ಹೊರಟೆವು. ಕೈಯಲ್ಲಿ ಎರಡು ಲೀಟರ್ ನೀರು. ಎರಡು ಗಂಟೆ ನಡೆದರೂ ದೀಪ ಅಷ್ಟೇ ದೂರ! ತಿರುಗಿ ನೋಡಿದರೆ ಬಸ್ಸೂ ಕಾಣುವುದಿಲ್ಲ. ಇರಾಕಿ ಡ್ರೈವರ್ ಪುಣ್ಯಾತ್ಮ, ನಮ್ಮನ್ನು ಬೈಯುತ್ತಲೇ ಹೆಡ್‌ಲೈಟ್ ಹಾಕಿ ಆರಿಸಿ ಮಾಡ್ತಿದ್ದನಂತೆ. ಆ ಬೆಳಕು ಹಿಡಿದು ವಾಪಸ್ ಬಂದೆವು. ಮರುದಿನ ಮಧ್ಯಾಹ್ನ ಇನ್ನೊಂದು ಬಸ್ ಬರುವವರೆಗೆ ಬಸ್ಸಿನ ಅಡಿಯ ನೆರಳಲ್ಲಿ ಮಲಗಿದ್ದೆವು. ಹಸಿವೆಗೆ ಅಮ್ಮ ಕಳಿಸಿದ್ದ ಮಾವಿನ ಉಪ್ಪಿನಕಾಯಿ ಹಚ್ಚಿ ಖುಬೂಸ್ (ಅಲ್ಲಿನ ರೊಟ್ಟಿ) ತಿಂದೆ. ಅಂಥ ಮೂರ್ಖ ಕೆಲಸ ಇನ್ನೊಂದಿಲ್ಲ ಮಾರಾಯ್ರೆ, ನಾಲಿಗೆ ಚರ್ಮದ ಚಪ್ಪಲಿಯ ಹಾಗಾಯಿತು.

ಗಡಿ ದಾಟಿದ ಮೇಲೂ ಟೆಂಟು, ದೂಳು, ನೀರಿನ ಟ್ಯಾಂಕರ್ ಮುಂದೆ ಜಗಳ. ಕೊನೆಗೆ ಅಮ್ಮಾನ್‌ನಿಂದ ಏರ್ ಇಂಡಿಯಾದಲ್ಲಿ ಬೊಂಬಾಯಿಗೆ. ಲಕ್ಷಕ್ಕೂ ಜಾಸ್ತಿ ಜನ ಹಾಗೆ ಬಂದರು. ಸಿವಿಲ್ ಐಡಿ (ಕುವೈತ್‌ನ ಗುರುತಿನ ಚೀಟಿ), ಬಸ್ ಟಿಕೆಟ್ ಎಲ್ಲ ಬನಿಯನ್ನಿಗೆ ಹೊಲಿದುಕೊಂಡಿದ್ದೆ. ಮುಂದೆ ಯುದ್ಧದ ನಷ್ಟಕ್ಕೆ ಯುಎನ್ ಕೊಟ್ಟ ಪರಿಹಾರಕ್ಕೆ ಅರ್ಜಿ ಹಾಕುವಾಗ ಕೆಲಸಕ್ಕೆ ಬಂದದ್ದು ಆ ಕಾಗದಗಳೇ.

ಈಗ ನಿಮ್ಮ ತಮ್ಮನ ವಿಷಯ. ಈ ತಿಂಗಳಲ್ಲಿ ಅಲ್ಲಿ ಹಗಲು 50 ಡಿಗ್ರಿ ಹತ್ತಿರ ಇರುತ್ತೆ. 1991ರ ಯುದ್ಧದ ಮೈನ್‌ಗಳು ಕುವೈತ್ ಮರಳಿನಲ್ಲಿ ಇವತ್ತಿಗೂ ಸಿಗುತ್ತವೆ. ಅದೆಲ್ಲ ತಪ್ಪಿಸಿ ಸೌದಿ ಸೇರಿದ ಅಂತಲೇ ಇಟ್ಟುಕೊಳ್ಳಿ. ಅಲ್ಲಿ ಪಾಸ್‌ಪೋರ್ಟೂ ಇಲ್ಲ, ವೀಸಾವೂ ಇಲ್ಲ, ಇಖಾಮಾ ಅಂದರೆ ವಾಸದ ಪರವಾನಗಿಯೂ ಇಲ್ಲ. ನೇರ ಜೈಲು.

ವಾಟ್ಸಾಪ್‌ನಲ್ಲಿ ಲೊಕೇಶನ್ ಕಳಿಸಲು ಹೇಳಿ. ಸಿವಿಲ್ ಐಡಿಯ ಎರಡೂ ಬದಿಯ ಫೋಟೋ, ಕಫೀಲ್ ಹೆಸರು, ಅವನ ಗಾಡಿ ನಂಬರ್ ಕೂಡ ಇರಲಿ. ಇದನ್ನೆಲ್ಲ ಹಾಕಿ ನೀವು ರಾಯಚೂರಿನಿಂದಲೇ ವಿದೇಶಾಂಗ ಇಲಾಖೆಯ ಮದದ್ ಪೋರ್ಟಲ್‌ನಲ್ಲಿ ದೂರು ಕೊಡಬಹುದು. ಕುವೈತ್‌ನ ನಮ್ಮ ರಾಯಭಾರ ಕಚೇರಿಯ ಲೇಬರ್ ವಿಭಾಗಕ್ಕೂ ಅದನ್ನೇ ಮೇಲ್ ಮಾಡಿ. ಪಾಸ್‌ಪೋರ್ಟ್ ಕಿತ್ತಿಟ್ಟುಕೊಳ್ಳುವುದು ಅಲ್ಲಿನ 2015ರ ಮನೆಗೆಲಸದವರ ಕಾನೂನಿನ ಪ್ರಕಾರವೂ ತಪ್ಪು, ಅದನ್ನೂ ಬರೆಯಿರಿ. ಅವನು ಜಾಗ ಬಿಡುವ ಮೊದಲೇ ದೂರು ದಾಖಲಾಗಬೇಕು. ಇಲ್ಲದಿದ್ದರೆ ಕಫೀಲ್ ಮೊದಲು ಹೋಗಿ "ಓಡಿಹೋದ" ಅಂತ ಕೇಸ್ ಹಾಕ್ತಾನೆ. ಆಮೇಲೆ ಬಿಡಿಸುವುದು ಬಹಳ ಕಷ್ಟ.

ನಾನು 1992ರಲ್ಲಿ ವಾಪಸ್ ಹೋಗಿ 2019ರವರೆಗೆ ಅಲ್ಲೇ ಇದ್ದೆ. ಶುಕ್ರವಾರ ಇಂಥವರ ಅರ್ಜಿ ಬರೆದುಕೊಡುವುದೇ ಕೆಲಸ. ವೀಸಾ ಮುಗಿದವರನ್ನು ದಂಡವಿಲ್ಲದೆ ಊರಿಗೆ ಬಿಟ್ಟ 2018ರ ಆಮ್ನೆಸ್ಟಿಯಲ್ಲಂತೂ ಎಮರ್ಜೆನ್ಸಿ ಸರ್ಟಿಫಿಕೇಟ್ (ಪಾಸ್‌ಪೋರ್ಟ್ ಬದಲು ಊರಿಗೆ ಬರಲು ಕೊಡುವ ಕಾಗದ) ಫಾರಂ ತುಂಬಿ ತುಂಬಿ ಬೆರಳು ಬಾತಿತ್ತು. ಓಡಿಹೋದ ಕೇಸ್ ಬಿದ್ದವರನ್ನು ಆಗ ಜಾಸ್ತಿ ನೋಡಿದ್ದೇನೆ.

ರಾಯಚೂರಿನ ಅಕ್ಕ

ಮಾವ, ಫೋನ್ ಸಿಕ್ಕಿತು. ಲೊಕೇಶನ್ ಕಳಿಸಿದ್ದಾನೆ. ಮದದ್‌ನಲ್ಲಿ ದೂರು ಹಾಕಿದೆ, ನಂಬರ್ ಬಂತು. ಆದರೆ ಚಾರ್ಜ್ 20 ಪರ್ಸೆಂಟ್ ಮಾತ್ರ ಇದೆಯಂತೆ. ಇವತ್ತೇ ಹೊರಡ್ತೀನಿ ಅಂತ ಹಟ ಮಾಡ್ತಿದ್ದಾನೆ.

ಉಡುಪಿ ಮಾವ

ಫೋನ್ ಆಫ್ ಮಾಡಿಡಲಿ. ರಾತ್ರಿ 8ಕ್ಕೆ ಹತ್ತು ನಿಮಿಷ ಮಾತ್ರ ಆನ್ ಮಾಡಲಿ. ನೀರಿನ ಟ್ಯಾಂಕರ್ ಬರುತ್ತದಲ್ಲ, ಅದರ ಡ್ರೈವರ್ ಯಾವ ದೇಶದವನು ಕೇಳಿ. ಹೆಚ್ಚಾಗಿ ನಮ್ಮವರೋ ಪಾಕಿಸ್ತಾನದವರೋ ಇರ್ತಾರೆ, ಹಿಂದಿಯಲ್ಲಿ ಮಾತಾಡಬಹುದು. ಗಾಡಿಯಲ್ಲಿ ಚಾರ್ಜ್ ಮಾಡಿಕೊಡ್ತಾರೆ. ದೂರಿನ ನಂಬರ್ ನನಗೆ ಮೆಸೇಜ್ ಮಾಡಿ, ಅಲ್ಲಿರುವ ಹುಡುಗರಿಗೆ ಈಗಲೇ ಕಳಿಸ್ತೇನೆ. 8ಕ್ಕೆ ನನ್ನನ್ನೂ ಕಾಲ್‌ಗೆ ಸೇರಿಸಿ. ಆ ದೀಪದ ಕಥೆ ಅವನಿಗೆ ನಾನೇ ಹೇಳ್ತೇನೆ.